ಜೇಡ ಹಲ್ಲಿಮರಿಯನ್ನು ತಿನ್ನುತ್ತಾ?

ಶಿರಸಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಬಚ್ಚಲುಮನೆಗೆ ಹೋದೆ. ಗೋಡೆ ಮೇಲೆ ಅಂಗೈ ಅಗಲದ ಜೇಡ ಕೂತಿತ್ತು. ಅದರ ಬಾಯಲ್ಲಿ ಒಂದು ಹಲ್ಲಿಮರಿ, ಇನ್ನೂ ಕಾಲು ಆಡಿಸುತ್ತಿತ್ತು! ಹಲ್ಲಿ ಜೇಡವನ್ನು ತಿನ್ನೋದು ಚಿಕ್ಕಂದಿನಿಂದ ನೋಡಿದ್ದೇವೆ. ಇದೇನು ಉಲ್ಟಾ? ಹಲ್ಲಿಯನ್ನೇ ಕೊಲ್ಲುವಷ್ಟು ವಿಷ ಇದ್ದರೆ ಮನೆಯಲ್ಲಿರುವ ಎರಡು ವರ್ಷದ ಮಗುವಿಗೆ ಅಪಾಯ ಅಲ್ವಾ? ಅಮ್ಮ ಪೊರಕೆ ಹಿಡಿದು ಕಾಯುತ್ತಿದ್ದಾರೆ. ಏನು ಮಾಡೋಣ?"

ಮೊದಲು ಅಮ್ಮನ ಕೈಯಿಂದ ಪೊರಕೆ ತಗೊಳ್ಳಿ. ಮಗುವಿನ ವಿಷಯ ಕೊನೆಗೆ ವಿವರವಾಗಿ ಹೇಳುತ್ತೇನೆ. ಗಾಬರಿ ಬೇಡ ಅನ್ನೋದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ.

ನೀವು ಕಂಡದ್ದು ಸರಿಯಾಗಿಯೇ ಇದೆ. ಜೇಡ ಹಲ್ಲಿಮರಿಯನ್ನು ತಿನ್ನುತ್ತದೆ. ಮಲೆನಾಡಿನ ಬಚ್ಚಲಲ್ಲೂ ತಿನ್ನುತ್ತದೆ, ಅಮೆಜಾನ್ ಕಾಡಿನಲ್ಲೂ ತಿನ್ನುತ್ತದೆ. ನಡೆಯುವುದು ರಾತ್ರಿ, ನಾವು ಮಲಗಿರುವಾಗ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ನಿಮ್ಮ ವಿವರ ಓದಿದರೆ ಅದು ಹಂಟ್ಸ್‌ಮನ್ ಗುಂಪಿನ ಜೇಡ ಅನಿಸುತ್ತದೆ. ಕಂದು ಬಣ್ಣ, ಚಪ್ಪಟೆ ಮೈ, ಏಡಿಯ ಹಾಗೆ ಪಕ್ಕಕ್ಕೆ ಚಾಚಿದ ಕಾಲುಗಳು, ಸುತ್ತಮುತ್ತ ಬಲೆ ಇಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಹೆಟೆರೋಪೋಡಾ ವೆನಟೋರಿಯಾ ಅನ್ನುವ ಜಾತಿ. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು. ವೆನಟೋರಿಯಾ ಅಂದರೆ ಬೇಟೆಗೆ ಸೇರಿದ್ದು ಅಂತ ಅರ್ಥ, ಹೆಸರು ತಕ್ಕುದಾಗಿಯೇ ಇದೆ. ಇದು ಬಲೆ ಕಟ್ಟಿ ಕಾಯುವುದಿಲ್ಲ, ಗೋಡೆಗೆ ಅಂಟಿಕೊಂಡು ಕೂತು ಮೇಲೆ ಎರಗುತ್ತದೆ. ಮೈ ಎರಡು ಮೂರು ಸೆಂ.ಮೀ. ಅಷ್ಟೇ. ಕಾಲು ಚಾಚಿದರೆ ಮಾತ್ರ ಹತ್ತು ಹನ್ನೆರಡು ಸೆಂ.ಮೀ. ಆಗುತ್ತದೆ. ನಮಗೆ ಹೆದರಿಕೆ ಹುಟ್ಟಿಸುವುದು ಈ ಕಾಲುಗಳೇ. ದಿನದ ಊಟ ಜಿರಳೆ. ಹಲ್ಲಿಮರಿ ಅಪರೂಪಕ್ಕೆ ಸಿಗುವ ಹಬ್ಬದೂಟ.

ಈಗ ನಿಮ್ಮ "ಉಲ್ಟಾ" ಅನ್ನುವ ಮಾತಿಗೆ ಬರೋಣ. ಮನೆ ಹಲ್ಲಿ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಗೋಡೆಗೆ ತೂಗುಹಾಕಿದ ಫೋಟೋದ ಹಿಂದೆ, ಸ್ವಿಚ್ ಬೋರ್ಡಿನ ಸಂದಿಯಲ್ಲಿ ನೀವೂ ನೋಡಿರುತ್ತೀರಿ, ಬಿಳಿ ಗಟ್ಟಿ ಗುಂಡು. ಅದರಿಂದ ಹೊರಬಂದ ಮರಿ ಬಾಲ ಸೇರಿಸಿದರೂ ಒಂದು ಬೆಂಕಿಕಡ್ಡಿಯಷ್ಟು, ಇಲ್ಲವೇ ಸ್ವಲ್ಪ ಜಾಸ್ತಿ ಉದ್ದ. ಅದರಲ್ಲಿ ಅರ್ಧ ಬಾಲವೇ. ದಪ್ಪವೂ ಹೆಚ್ಚು ಕಡಿಮೆ ಕಡ್ಡಿಯದ್ದೇ. ಒಂದು ಕಡೆ ಈ ಮರಿ, ಇನ್ನೊಂದು ಕಡೆ ಹೊಟ್ಟೆ ತುಂಬಿದ ಹೆಣ್ಣು ಹಂಟ್ಸ್‌ಮನ್ ಇಟ್ಟು ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿದರೆ ತಟ್ಟೆ ಕೆಳಗಿಳಿಯುವುದು ಜೇಡದ ಕಡೆಗೆ. ಬೆನ್ನುಮೂಳೆ ಇರುವ ಪ್ರಾಣಿ ದೊಡ್ಡದು, ಇಲ್ಲದ್ದು ಸಣ್ಣದು ಅಂತ ಲೆಕ್ಕ ಹಾಕಿಕೊಂಡವರು ನಾವು. ಗೋಡೆ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಆ ರಾತ್ರಿ ಯಾರು ಭಾರವೋ ಅವರು ತಿನ್ನುತ್ತಾರೆ.

ಒಂದು ರಾತ್ರಿ ನಾನೇ ಕೂತು ನೋಡಿದ್ದನ್ನು ಹೇಳುತ್ತೇನೆ. ನೆಂಟರ ಮನೆಯ ಹಳೇ ಬಚ್ಚಲು. ಒಲೆಗೆ ಹೂತ ತಾಮ್ರದ ಹಂಡೆ, ಪಕ್ಕದಲ್ಲಿ ಸೌದೆ ರಾಶಿ, ಬಾಗಿಲ ಮೇಲೊಂದು ಟ್ಯೂಬ್‌ಲೈಟ್. ಬೆಳಕಿಗೆ ಸಣ್ಣ ಪತಂಗಗಳು ಸುತ್ತುತ್ತಿದ್ದವು. ಹಲ್ಲಿಮರಿಯೊಂದು ಅವುಗಳ ಮೇಲೆ ಕಣ್ಣಿಟ್ಟು ಒಂದೊಂದೇ ಹೆಜ್ಜೆ ಸರಿಯುತ್ತಿತ್ತು. ಗೇಣು ದೂರದಲ್ಲಿ ಜೇಡ. ಗೋಡೆಯ ಮಸಿಗೂ ಅದರ ಬಣ್ಣಕ್ಕೂ ವ್ಯತ್ಯಾಸವೇ ಇರಲಿಲ್ಲ, ಕಾಲು ಎಣಿಸಿದ ಮೇಲೆಯೇ ನನಗೆ ಗೊತ್ತಾದದ್ದು. ಮರಿ ಪತಂಗಕ್ಕೆ ಹಾರಿತು, ತಪ್ಪಿತು, ಗೋಡೆಗೆ ತಟ್ಟಿ ನಿಂತಿತು. ಅಷ್ಟೇ. ಜೇಡ ಜಿಗಿದದ್ದು ನನಗೆ ಕಾಣಲೇ ಇಲ್ಲ. ಕಂಡದ್ದು ಜಿಗಿದಾದ ಮೇಲಿನದ್ದು: ಎಂಟೂ ಕಾಲು ಮರಿಯ ಸುತ್ತ ಪಂಜರದ ಹಾಗೆ, ವಿಷದ ಹಲ್ಲು ಕುತ್ತಿಗೆಯ ಹಿಂದೆ. ಮರಿ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಮುಂಗಾಲಿನ ಬೆರಳುಗಳು ಅಗಲವಾದವು, ಮುಚ್ಚಿದವು, ಮತ್ತೆ ಅಗಲವಾದವು. ಐದಾರು ನಿಮಿಷದಲ್ಲಿ ನಿಂತವು. ಪಂಚಾಂಗದಲ್ಲಿ ಹಲ್ಲಿ ನಮ್ಮ ಮೈಮೇಲೆ ಬಿದ್ದರೆ ಏನು ಫಲ ಅಂತ ತಲೆಯಿಂದ ಕಾಲಿನವರೆಗೆ ಪಟ್ಟಿ ಇರುತ್ತದೆ. ಜೇಡದ ಮುಂದೆ ಬಿದ್ದರೆ ಹಲ್ಲಿಗೆ ಏನು ಫಲ ಅಂತ ಯಾರೂ ಬರೆದಿಲ್ಲ.

ಜೇಡಕ್ಕೆ ತಾನು ಹಿಡಿದದ್ದು ಹಲ್ಲಿ ಅಂತ ಗೊತ್ತಿತ್ತಾ? ಇಲ್ಲ ಅಂತಲೇ ನನ್ನ ಅಂದಾಜು. ಎಂಟು ಕಣ್ಣಿದ್ದರೂ ಕತ್ತಲಲ್ಲಿ ಬೇಟೆಗೆ ಕಾಲೇ ಮುಖ್ಯ. ಕಾಲಿನ ತುಂಬಾ ನವಿರು ಕೂದಲು. ಗಾಳಿ ಸ್ವಲ್ಪ ಅಲುಗಿದರೂ ಅವು ಬಾಗುತ್ತವೆ. ಕಾಲಿನ ಚಿಪ್ಪಿನಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ, ನಿಂತ ಜಾಗದ ನಡುಕವನ್ನು ಅವು ಹಿಡಿಯುತ್ತವೆ. ಮಧ್ಯ ಅಮೆರಿಕದ ಕುಪಿಯೆನಿಯಸ್ ಸಾಲೆಯಿ ಅನ್ನುವ ಅಲೆಮಾರಿ ಜೇಡವನ್ನು ಇಟ್ಟುಕೊಂಡು ಫ್ರೀಡ್ರಿಕ್ ಬಾರ್ತ್ ಅನ್ನುವ ವಿಜ್ಞಾನಿ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದರು. ಆ ಜೇಡ ರಾತ್ರಿ ಅಗಲ ಎಲೆಯ ಮೇಲೆ ಕೂತು, ಗಿಡದ ಮೂಲಕ ಬರುವ ನಡುಕ ಗಾಳಿಯದ್ದೋ ಜಿರಳೆಯದ್ದೋ ಅಂತ ಬೇರೆ ಮಾಡಿ ತಿಳಿಯುತ್ತದೆ. ಹಾಗೆ ಲೆಕ್ಕ ಹಾಕುವ ಪ್ರಾಣಿಗೆ ಜಿರಳೆಯಷ್ಟು ಭಾರ, ಜಿರಳೆಯಷ್ಟು ಓಡಾಟ ಇರುವುದೆಲ್ಲ ಜಿರಳೆಯೇ. ಅದಕ್ಕೆ ನಾಲ್ಕು ಕಾಲೋ ಆರು ಕಾಲೋ ಅನ್ನೋದು ನಮ್ಮ ತಲೆನೋವು.

ಒಂದು ತಮಾಷೆ ನೋಡಿ. ಹಲ್ಲಿ ಗೋಡೆಗೆ ಅಂಟಿಕೊಳ್ಳುವುದು ಬೆರಳಡಿಯ ಲಕ್ಷಾಂತರ ಸೂಕ್ಷ್ಮ ಕೂದಲಿನಿಂದ. ಗೋಂದಿಲ್ಲ, ಹೀರುವ ಬಟ್ಟಲಿಲ್ಲ. ಕೂದಲಿನ ತುದಿ ಗೋಡೆಗೆ ಅಷ್ಟು ಹತ್ತಿರ ಹೋಗುತ್ತದೆ, ಅಣುಗಳ ನಡುವಿನ ಸೆಳೆತವೇ ಹಿಡಿದುಕೊಳ್ಳುತ್ತದೆ. ಹಂಟ್ಸ್‌ಮನ್ ಜೇಡದ ಪಾದದಲ್ಲೂ ಇಂಥದೇ ಕೂದಲಿನ ಕುಚ್ಚು ಇದೆ. ಎರಡೂ ಒಂದೇ ವಿದ್ಯೆ ಕಲಿತು ಒಂದೇ ಗೋಡೆಗೆ ಬಂದಿವೆ. ಜೇಡಕ್ಕೆ ಈ ಕುಚ್ಚಿನಿಂದ ಇನ್ನೊಂದು ಲಾಭ: ನುಣುಪು ಮೈಯ ಬೇಟೆ ಜಾರದ ಹಾಗೆ ಹಿಡಿದುಕೊಳ್ಳಬಹುದು.

ಹಲ್ಲಿಮರಿಗೂ ಒಂದು ಉಪಾಯ ಇದೆ. ಬಾಲಕ್ಕೆ ಬಾಯಿ ಬಿದ್ದರೆ ಬಾಲ ಬಿಟ್ಟು ಓಡುತ್ತದೆ. ಕಳಚಿದ ಬಾಲ ನೆಲದ ಮೇಲೆ ಕುಣಿಯುತ್ತಿರುವಾಗ ಮರಿ ಸಂದಿ ಸೇರಿರುತ್ತದೆ. ನಿಮ್ಮ ಮನೆಯಲ್ಲಿ ಮೋಟು ಬಾಲದ ಹಲ್ಲಿಮರಿ ಕಂಡರೆ ಎಲ್ಲವನ್ನೂ ಬೆಕ್ಕಿನ ಲೆಕ್ಕಕ್ಕೆ ಬರೆಯಬೇಡಿ, ಕೆಲವು ಜೇಡದ ಕೈ ತಪ್ಪಿಸಿಕೊಂಡವೂ ಇರಬಹುದು. ಕುತ್ತಿಗೆ ಸಿಕ್ಕಿದರೆ ಮಾತ್ರ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ.

ಹಿಡಿದ ಮೇಲೆ ಊಟ ನಿಧಾನ. ಜೇಡಕ್ಕೆ ಅಗಿದು ನುಂಗುವ ಬಾಯಿ ಇಲ್ಲ. ಹೊಟ್ಟೆಯಿಂದ ಜೀರ್ಣರಸವನ್ನು ಕಕ್ಕಿ ಬೇಟೆಯ ಮೇಲೆ ಬಿಡುತ್ತದೆ. ಮಾಂಸ ಕರಗಿ ಗಂಜಿಯಾಗುತ್ತದೆ. ಅದನ್ನು ಹೀರುತ್ತದೆ, ಮತ್ತೆ ರಸ ಬಿಡುತ್ತದೆ, ಮತ್ತೆ ಹೀರುತ್ತದೆ. ನಡುನಡುವೆ ದವಡೆಯಿಂದ ಹಿಸುಕುತ್ತದೆ. ಅಡುಗೆಯೂ ಊಟವೂ ಒಂದೇ ಕಡೆ. ಹಲ್ಲಿಮರಿಯಾದರೆ ಇದು ಗಂಟೆಗಟ್ಟಲೆ ನಡೆಯುತ್ತದೆ. ಬೆಳಿಗ್ಗೆ ನಾನು ಹೋಗಿ ನೋಡಿದಾಗ ಹಂಡೆಯ ಹತ್ತಿರ ಕರಿಬೇವಿನ ಒಣ ಎಲೆ ಮುದುರಿದ ಹಾಗೆ ಒಂದು ಉಂಡೆ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿದೆ. ಒಂದಿಷ್ಟು ಚರ್ಮ, ಕೂದಲಿನಷ್ಟು ತೆಳು ಮೂಳೆ, ಒಂದು ಪಾದ. ಜೇಡದ ಹೊಟ್ಟೆ ಮಾತ್ರ ಹಿಂದಿನ ರಾತ್ರಿಗಿಂತ ಎಷ್ಟೋ ದಪ್ಪ. ಇಂಥ ಒಂದು ಊಟ ಆದರೆ ಜೇಡ ವಾರಗಟ್ಟಲೆ ಸುಮ್ನೆ ಇರಬಲ್ಲದು.

ಬೇರೆ ಕಡೆಯ ಕತೆಗೆ ಹೋಗುವ ಮೊದಲು ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಹಲ್ಲಿ ಬೇರೆ, ಓತಿಕ್ಯಾತ ಬೇರೆ, ಹಾವುರಾಣಿ ಬೇರೆ, ಉಡ ಬೇರೆ. ಇಂಗ್ಲಿಷಿನವರು ಎಲ್ಲವನ್ನೂ ಲಿಜರ್ಡ್ ಅಂತ ಒಂದೇ ಚೀಲಕ್ಕೆ ಹಾಕುತ್ತಾರೆ. ಹಾಗಾಗಿ "ಲಿಜರ್ಡ್ ತಿಂದ ಜೇಡ" ಅಂತ ಎಲ್ಲಾದರೂ ಓದಿದರೆ ಉಡವನ್ನು ನೆನೆಸಿಕೊಳ್ಳಬೇಡಿ. ಹೆಚ್ಚಿನ ಸಲ ಅದು ಹಲ್ಲಿಮರಿ, ಹಾವುರಾಣಿಯ ಮರಿ, ಇಲ್ಲವೇ ಓತಿಯ ಕಡೆಯ ಯಾವುದೋ ಚಿಕ್ಕ ಪ್ರಾಣಿ.

ಪೆರು ದೇಶದ ಮಾದ್ರೆ ದೆ ದಿಯೋಸ್ ಪ್ರಾಂತದಲ್ಲಿ ಲಾಸ್ ಅಮಿಗೋಸ್ ಅನ್ನುವ ಕಾಡಿನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ರುಡಾಲ್ಫ್ ಫಾನ್ ಮೇ ಮತ್ತು ಜೊತೆಗಾರರು ತಲೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿ ಕಾಡು ಸುತ್ತಿದರು. ಜೇಡ, ಜರಿಯಂಥವು ಬೆನ್ನುಮೂಳೆ ಪ್ರಾಣಿಗಳನ್ನು ತಿನ್ನುವ 15 ಘಟನೆಗಳನ್ನು ಸೇರಿಸಿ 2019ರಲ್ಲಿ ಪ್ರಕಟಿಸಿದರು. ಕಪ್ಪೆ ಇತ್ತು, ಹಲ್ಲಿಯ ಸಂಬಂಧಿಕರು ಇದ್ದರು. ದೊಡ್ಡ ಸುದ್ದಿಯಾದದ್ದು ಊಟದ ತಟ್ಟೆಯಗಲದ ಟರಾಂಟುಲಾ, ಅಂದರೆ ಮೈತುಂಬ ಕೂದಲಿನ ದೊಡ್ಡ ಜೇಡ, ಇಲಿಯ ಹಾಗಿರುವ ಒಪೋಸಮ್ ಅನ್ನುವ ಪ್ರಾಣಿಯ ಮರಿಯನ್ನು ಎಳೆದೊಯ್ದದ್ದು. ಪೇಪರಿನವರಿಗೆ ಟರಾಂಟುಲಾ ಬೇಕು, ಸರಿ. ನನಗೆ ಹೆಚ್ಚು ಹಿಡಿಸುವುದು ಟೆನಿಡ್ ಅನ್ನುವ ಅಲೆಮಾರಿ ಜೇಡಗಳು. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಅನೋಲ್ ಅಂತ ಓತಿಯ ಹಾಗಿರುವ ಪ್ರಾಣಿ ಇದೆ. ಹಗಲಿಡೀ ಚುರುಕು. ರಾತ್ರಿ ಎಲೆಯ ತುದಿಯಲ್ಲೋ ಸಪೂರ ಕಡ್ಡಿಯ ಮೇಲೋ ಮಲಗುತ್ತದೆ. ಹಾವು ಹತ್ತಿರ ಬಂದರೆ ಎಲೆ ಅಲುಗಿ ಎಚ್ಚರವಾಗಲಿ ಅನ್ನುವ ಉಪಾಯ ಅಂತ ಹೇಳುತ್ತಾರೆ. ಹಗುರ ಕಾಲಿನ ಜೇಡ ಬಂದರೆ ಎಲೆ ಎಷ್ಟು ಅಲುಗೀತು ಹೇಳಿ!

ಹಕ್ಕಿ ತಿನ್ನುವ ಜೇಡ ಅಂತ ಹೆಸರಾದ ಥೆರಫೋಸಾ ಬ್ಲಾಂಡಿಯ ವಿಷಯ ಬೇಗ ಮುಗಿಸುತ್ತೇನೆ. ದಕ್ಷಿಣ ಅಮೆರಿಕದ್ದು, ಕಾಲಗಲ 30 ಸೆಂ.ಮೀ.ವರೆಗೆ. ಜರ್ಮನಿಯಲ್ಲಿ ಹುಟ್ಟಿದ ಚಿತ್ರಗಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ 1699ರಲ್ಲಿ ಸುರಿನಾಮ್‌ಗೆ ಹೋಗಿ, ಇದರ ಕಡೆಯ ಒಂದು ಜೇಡ ಹಕ್ಕಿ ತಿನ್ನುವ ಚಿತ್ರ ಬರೆದು 1705ರಲ್ಲಿ ಅಚ್ಚು ಹಾಕಿಸಿದರು. ಆ ಚಿತ್ರದಿಂದ ಇಡೀ ಗುಂಪಿಗೆ ಹಕ್ಕಿಯ ಹೆಸರು ಅಂಟಿತು. ನಿಜಕ್ಕೂ ಥೆರಫೋಸಾದ ಊಟ ಹೆಚ್ಚಾಗಿ ಎರೆಹುಳು, ಕೀಟ. ನಡುವೆ ಕಪ್ಪೆ, ಹಲ್ಲಿ.

ಬಲೆಯ ಜೇಡಗಳೂ ಹಿಂದೆ ಬಿದ್ದಿಲ್ಲ. ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ನೋಡಿ. ಬಟಾಣಿ ಕಾಳಿನಷ್ಟು ಹೊಟ್ಟೆ, ಬೆನ್ನ ಮೇಲೆ ಕೆಂಪು ಪಟ್ಟೆ. ಅದರ ಬಲೆ ನಮ್ಮ ಮೂಲೆ ಬಲೆಯ ಹಾಗೆ ಗೋಜಲು. ಗುಟ್ಟು ಇರುವುದು ಕೆಳಗೆ. ಬಲೆಯಿಂದ ನೆಲಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ನೂಲುಗಳು, ಅವುಗಳ ಬುಡದಲ್ಲಿ ಅಂಟಿನ ಹನಿ, ನೆಲಕ್ಕೆ ಹಿಡಿತ ಮಾತ್ರ ಸಡಿಲ. ನಡೆದು ಬಂದ ಹಲ್ಲಿಮರಿ ಅದಕ್ಕೆ ತಾಗಿತು ಅಂದುಕೊಳ್ಳಿ. ನೂಲು ನೆಲ ಬಿಡುತ್ತದೆ, ಮರಿಯನ್ನು ಮೇಲಕ್ಕೆ ಜಗ್ಗುತ್ತದೆ. ಕಾಲು ನೆಲ ಬಿಟ್ಟರೆ ಹಲ್ಲಿಯ ಬಲವೆಲ್ಲ ದಂಡ. ಜೇಡ ಇಳಿದು ಬಂದು ಹಿಂಗಾಲಿನಿಂದ ಅಂಟು ನೂಲು ಎರಚುತ್ತದೆ, ಕಚ್ಚುತ್ತದೆ, ಬಾವಿಯಿಂದ ಕೊಡ ಸೇದಿದ ಹಾಗೆ ಇಷ್ಟಿಷ್ಟೇ ಮೇಲೆ ಸೇದುತ್ತದೆ. ತನ್ನ ಹತ್ತು ಪಟ್ಟು ಉದ್ದದ ಹಾವಿನ ಮರಿಯನ್ನೂ ಈ ಗುಂಪು ಹೀಗೇ ತೂಗುಹಾಕುತ್ತದೆ. ಮಾರ್ಟಿನ್ ನಿಫೆಲರ್ ಮತ್ತು ವಿಟ್ ಗಿಬ್ಬನ್ಸ್ 2021ರಲ್ಲಿ ಜೇಡ ಹಾವು ಹಿಡಿದ 319 ಘಟನೆಗಳನ್ನು ಪಟ್ಟಿ ಮಾಡಿದಾಗ ಈ ಗೋಜಲು ಬಲೆಯವರದ್ದೇ ಮೇಲುಗೈ.

ಇಲ್ಲಿ ವಿಷದ ಮಾತು ಬರುತ್ತದೆ. ಕೀಟಕ್ಕೆ ಅಂತ ಮಾಡಿದ ವಿಷ ಹಲ್ಲಿಗೆ ನಾಟೀತೇ? ರೆಡ್‌ಬ್ಯಾಕ್ ಸೇರಿದ, ವಿಧವೆ (ವಿಡೋ) ಜೇಡ ಅನ್ನುವ ಗುಂಪಿನ ವಿಷದಲ್ಲಿ ಕೀಟಗಳ ನರಕ್ಕೆ ತಾಗುವ ಪದಾರ್ಥಗಳು ಬೇರೆ ಇವೆ, ಬೆನ್ನುಮೂಳೆ ಪ್ರಾಣಿಗಳ ನರಕ್ಕೆ ತಾಗುವ ಆಲ್ಫಾ ಲ್ಯಾಟ್ರೋಟಾಕ್ಸಿನ್ ಬೇರೆ ಇದೆ. ಎರಡು ಬೀಗಕ್ಕೆ ಎರಡು ಕೀಲಿಕೈ. ಅದಕ್ಕೇ ಅವು ಕಚ್ಚಿದರೆ ಮನುಷ್ಯರಿಗೂ ತೊಂದರೆ ಆಗುವುದು. ನಿಮ್ಮ ಬಚ್ಚಲಿನ ಹಂಟ್ಸ್‌ಮನ್ ಆ ಗುಂಪಿನದ್ದಲ್ಲ. ಅದು ಗೆಲ್ಲುವುದು ಜಿಗಿತ, ಹಿಡಿತ ಮತ್ತು ಕಚ್ಚುವ ಜಾಗದಿಂದ. ಅಷ್ಟು ಸಣ್ಣ ಮೈಗೆ ಅದರ ವಿಷವೂ ಸಾಕಾಗುತ್ತದೆ.

ಇದೆಲ್ಲ ಬಿಸಿ ನಾಡುಗಳಲ್ಲೇ ಯಾಕೆ ಜಾಸ್ತಿ? ದೊಡ್ಡ ಜೇಡಗಳು ಹೆಚ್ಚು ಇರುವುದು ಇಲ್ಲೇ. ಬೆರಳುದ್ದದ ಹಲ್ಲಿ, ಕಪ್ಪೆಗಳು ಹೆಚ್ಚು ಇರುವುದೂ ಇಲ್ಲೇ. ಚಳಿಗಾಲಕ್ಕೆ ಅಡಗಿ ಕೂರುವ ಗೋಜಿಲ್ಲ. ಮನೆ ಹಲ್ಲಿ ನಮ್ಮಂಥ ಕಡೆ ವರ್ಷದ ಬಹುಪಾಲು ಮೊಟ್ಟೆ ಇಡುತ್ತಲೇ ಇರುತ್ತದೆ, ಅಂದರೆ ಬೆಂಕಿಕಡ್ಡಿ ಗಾತ್ರದ ಮರಿಗಳಿಗೆ ಕೊರತೆಯೇ ಇಲ್ಲ. ಬಾವಲಿಯದ್ದೂ ಇದೇ ಕತೆ. ನಿಫೆಲರ್ ಅವರೇ ಮಿರ್ಯಾಮ್ ಕ್ನೋರ್ನ್‌ಶೀಲ್ಡ್ ಜೊತೆ 2013ರಲ್ಲಿ ಜೇಡಗಳು ಬಾವಲಿ ಹಿಡಿದ 52 ವರದಿಗಳನ್ನು ಕಲೆಹಾಕಿದರು. ಸುಮಾರು ಶೇ. 90 ಭೂಮಧ್ಯರೇಖೆಯ ಎರಡೂ ಬದಿಯ ಬಿಸಿ ಪಟ್ಟಿಯೊಳಗಿನವು. ಮಲೆನಾಡಿನ ಕಾಲುದಾರಿಯಲ್ಲಿ ಮುಖಕ್ಕೆ ಅಂಟುವ ಚಿನ್ನದ ಬಣ್ಣದ ಗಟ್ಟಿ ಬಲೆ ಇದೆಯಲ್ಲ, ನೆಫಿಲಾ ಪಿಲಿಪೆಸ್ ಕಟ್ಟುವುದು? ಅಂಥ ಬಲೆಗಳೂ ಆ ಲೆಕ್ಕದಲ್ಲಿವೆ. ಆ ಬಲೆ ಅಡ್ಡಡ್ಡ ಒಂದು ಮೀಟರ್ ದಾಟುತ್ತದೆ. ಹೆಣ್ಣು ಜೇಡದ ಮೈಯೇ ನಾಲ್ಕೈದು ಸೆಂ.ಮೀ.

ಇನ್ನು ಮನೆಯ ದೀಪ. ದೀಪಕ್ಕೆ ಹುಳ, ಹುಳಕ್ಕೆ ಹಲ್ಲಿ, ಹುಳಕ್ಕೂ ಹಲ್ಲಿಮರಿಗೂ ಜೇಡ. ಮಾರು ಅಗಲದ ಗೋಡೆಯಲ್ಲಿ ಎಲ್ಲರನ್ನೂ ನಾವೇ ಕರೆದು ಕೂರಿಸಿದ್ದೇವೆ. ಈ ಜಾತಿಯ ಹಂಟ್ಸ್‌ಮನ್ ಹಡಗಿನ ಸರಕಿನ ಜೊತೆ, ಅದರಲ್ಲೂ ಬಾಳೆಗೊನೆಯ ಜೊತೆ ಬಿಸಿ ನಾಡುಗಳನ್ನೆಲ್ಲ ಸುತ್ತಿದೆ. ನಮ್ಮ ಕಡೆಯ ಮನೆ ಹಲ್ಲಿಯೂ ಹಾಗೇ ಹಡಗು ಹತ್ತಿದ್ದು. ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಎರಡೂ ಹೊರಗಿನವರೇ. ಅಲ್ಲೂ ಒಂದೇ ಗೋಡೆ ಹಂಚಿಕೊಂಡಿವೆ.

ಇಷ್ಟು ಓದಿ ಹಲ್ಲಿಗಳ ಬಗ್ಗೆ ಕನಿಕರ ಹುಟ್ಟಿದ್ದರೆ ಬಹಾಮಾಸ್ ದ್ವೀಪಗಳ ಲೆಕ್ಕ ಕೇಳಿ. 1983ರಲ್ಲಿ ಥಾಮಸ್ ಶೋನರ್ ಮತ್ತು ಕ್ಯಾಥರೀನ್ ಟಾಫ್ಟ್ ಅಲ್ಲಿನ ಸಣ್ಣ ಸಣ್ಣ ದ್ವೀಪಗಳಲ್ಲಿ ಬಲೆ ಜೇಡಗಳನ್ನು ಎಣಿಸಿ ವರದಿ ಮಾಡಿದರು. ಅನೋಲ್‌ನಂಥವು ಇಲ್ಲದ ದ್ವೀಪಗಳಲ್ಲಿ ಜೇಡಗಳು ಸುಮಾರು ಹತ್ತು ಪಟ್ಟು ಜಾಸ್ತಿ! ಜೇಡ ಹಲ್ಲಿಮರಿಯನ್ನು ತಿನ್ನುವುದು ಫೋಟೋ ತೆಗೆಯುವಂಥ ಅಪರೂಪದ ಸಂಗತಿ. ಹಲ್ಲಿ ಜೇಡವನ್ನು ತಿನ್ನುವುದು ದಿನನಿತ್ಯದ್ದು, ಹಾಗಾಗಿ ಯಾರೂ ಫೋಟೋ ತೆಗೆಯುವುದಿಲ್ಲ. ಮರಿ ಕೆಲವು ತಿಂಗಳು ಜೀವ ಉಳಿಸಿಕೊಂಡು ದೊಡ್ಡದಾದರೆ ತಕ್ಕಡಿ ಆ ಕಡೆ ವಾಲುತ್ತದೆ. ನಿಮ್ಮ ಚಿಕ್ಕಂದಿನ ನೆನಪೂ ಸುಳ್ಳಲ್ಲ.

ಈಗ ಮಗುವಿನ ವಿಷಯ. ಹಂಟ್ಸ್‌ಮನ್ ನಮ್ಮನ್ನು ಕಂಡರೆ ಓಡುವುದೇ ಹೆಚ್ಚು. ಅಮುಕಿದರೆ, ಹಿಡಿಯಲು ಹೋದರೆ ಕಚ್ಚುತ್ತದೆ. ಕಚ್ಚಿದ ಜಾಗ ಉರಿಯುತ್ತದೆ, ಸ್ವಲ್ಪ ಊದಿಕೊಳ್ಳುತ್ತದೆ. ಜೀವಕ್ಕೆ ಅಪಾಯದ ಜೇಡ ಅಲ್ಲ. ಸೋಪು ನೀರಿನಲ್ಲಿ ತೊಳೆದು ತಣ್ಣೀರು ಬಟ್ಟೆ ಇಡಿ. ಮಗುವಿಗೆ ಕಚ್ಚಿದರೆ, ಅಥವಾ ಊತ ಹರಡಿದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು, ಅಮ್ಮ ಕೇಳಿಯೇ ಕೇಳುತ್ತಾರೆ: ಜೇಡ ಉಚ್ಚೆ ಹೊಯ್ದರೆ ಮೈಮೇಲೆ ಗುಳ್ಳೆ ಏಳುತ್ತದೆ ಅನ್ನೋದು. ಬೆಳಿಗ್ಗೆ ಎದ್ದಾಗ ಗೀರು ಎಳೆದ ಹಾಗೆ ಕಾಣುವ ಅಂಥ ಸುಟ್ಟ ಗುಳ್ಳೆಗಳಲ್ಲಿ ಎಷ್ಟೋ ಪೀಡೆರಸ್ ಅನ್ನುವ ಕೆಂಪು ಕಪ್ಪು ಪಟ್ಟೆಯ ಸಣ್ಣ ದುಂಬಿಯ ಕೆಲಸ. ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ, ನಿದ್ದೆಯಲ್ಲಿ ಕುತ್ತಿಗೆ ಮೇಲೆ ಹಿಸುಕಿದರೆ ಅದರ ರಸ ಚರ್ಮ ಸುಡುತ್ತದೆ. ಬೈಗುಳ ಮಾತ್ರ ಜೇಡಕ್ಕೆ.

ಮನೆಯೊಳಗೆ ಬೇಡವೇ ಬೇಡ ಅಂತಿದ್ದರೆ ಅಗಲ ಬಾಯಿಯ ಡಬ್ಬಿ ಕವುಚಿ, ಅಡಿಯಿಂದ ದಪ್ಪ ಕಾಗದ ತೂರಿಸಿ, ಸೌದೆ ಕೊಟ್ಟಿಗೆಗೆ ಬಿಟ್ಟು ಬನ್ನಿ. ಡಬ್ಬಿ ಸಣ್ಣದಾದರೆ ಕಾಲು ಮುರಿಯುತ್ತದೆ, ದೊಡ್ಡದೇ ಇರಲಿ. ಹೊಟ್ಟೆಯಡಿ ಬಿಳಿ ಬಿಲ್ಲೆ ಅಪ್ಪಿಕೊಂಡಿದ್ದರೆ ಅದು ಮೊಟ್ಟೆಯ ಚೀಲ, ಒಳಗೆ ನೂರಕ್ಕೂ ಜಾಸ್ತಿ ಮೊಟ್ಟೆ ಇರುತ್ತದೆ. ಆಗ ಅದು ಬೇಟೆಗೂ ಅಷ್ಟಾಗಿ ಹೋಗುವುದಿಲ್ಲ, ಕದಲಿಸದಿದ್ದರೆ ಒಳ್ಳೆಯದು. ಮರಿಗಳು ಹೊರಬಂದಾಗ ಟ್ಯೂಬ್‌ಲೈಟಿನ ಹಿಂದಿನ ದೊಡ್ಡ ಹಲ್ಲಿ ಅವುಗಳ ಲೆಕ್ಕ ನೋಡಿಕೊಳ್ಳುತ್ತದೆ.

ಮತ್ತೆ ಇಂಥದ್ದು ಕಂಡರೆ ಓಡಿಸುವ ಮೊದಲು ಒಂದು ಫೋಟೋ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಹಿಡಿದರೆ ಸಾಕು.